ಅಂಗಡಿಯ ಜರಡಿ, ಮನೆಯ ಮೊರ

ಮೊದಲು ಕಂಡಿದ್ದು ದಿಂಬಿನ ಮೇಲೆ. ದಸರಾ ರಜೆ, ಮಗ ಇನ್ನೂ ಎದ್ದಿರಲಿಲ್ಲ. ಹೊದಿಕೆ ಸರಿ ಮಾಡೋಣ ಅಂತ ಹೋದೆ. ತಿಳಿನೀಲಿ ದಿಂಬಿನ ಕವರಿನ ಮೇಲೆ ಒಂದು ಹಿಡಿ ಕೂದಲು. ಬಾಚಣಿಗೆಗೆ ಸಿಕ್ಕಿಕೊಳ್ಳುವಷ್ಟಲ್ಲ, ಕ್ಷೌರದಂಗಡಿಯ ನೆಲದ ಮೇಲೆ ಬಿದ್ದಿರುತ್ತದಲ್ಲ, ಅಷ್ಟು. ತಲೆ ಸವರಿದೆ. ಇನ್ನೊಂದು ಹಿಡಿ ಬೆರಳ ಜೊತೆಗೇ ಬಂತು. ಅವನಿಗೆ ನೋವೇನೂ ಆದ ಹಾಗಿರಲಿಲ್ಲ. ಕಣ್ಣು ಬಿಟ್ಟು "ಏನಮ್ಮಾ?" ಅಂದ. "ಏನಿಲ್ಲ, ಮಲ್ಕೋ" ಅಂದೆ. ಕೈಯಲ್ಲಿದ್ದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಡುಗೆಮನೆಗೆ ಬಂದೆ.

ಆಗ ಅವನಿಗೆ ಹನ್ನೊಂದು ವರ್ಷ, ತೂಕ 24 ಕೆಜಿ. ಹೊಸ ಮಾತ್ರೆ ಶುರುವಾಗಿ ಇಪ್ಪತ್ತನಾಲ್ಕು ದಿನ ಆಗಿತ್ತು. ದಿನಕ್ಕೆ ಒಂದೇ ಒಂದು, ತೆಳು ಹಳದಿ ಬಣ್ಣದ್ದು, 50 ಮಿಲಿಗ್ರಾಂ. ಹೆಸರು ಅಜಥಯೋಪ್ರಿನ್.

ಈ ಮಾತ್ರೆಯ ತನಕ ಬಂದ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ಯುಗಾದಿಗೆ ಮಕ್ಕಳಿಬ್ಬರ ಎತ್ತರ ಗುರುತು ಹಾಕುವ ಅಭ್ಯಾಸ. ನಮ್ಮ ಮಾವನವರು ಶುರು ಮಾಡಿದ್ದು, ಬಡಗಿಯ ಪೆನ್ಸಿಲಿನಲ್ಲೇ ಹಾಕಬೇಕು ಅಂತ ಅವರ ಹಟ. 2022ರ ಯುಗಾದಿಯ ದಿನ ಮಗನನ್ನು ನಿಲ್ಲಿಸಿ ಗೆರೆ ಎಳೆಯಲು ಹೋದರೆ ಪೆನ್ಸಿಲು ಹಿಂದಿನ ವರ್ಷದ ಗೆರೆಯ ಮೇಲೇ ನಿಂತಿತು. ಮಗಳು ಅವನಿಗಿಂತ ಮೂರು ವರ್ಷ ಚಿಕ್ಕವಳು, ಅವಳ ಗೆರೆ ಮಾತ್ರ ಏರಿತ್ತು. ಹೊಟ್ಟೆನೋವು ಅನ್ನುತ್ತಿದ್ದ, ಬಾಯಿಹುಣ್ಣು ಹೋಗುತ್ತಿರಲಿಲ್ಲ, ಊಟಕ್ಕೆ ಕೂತರೆ ಎರಡು ತುತ್ತಿಗೇ ಏಳುತ್ತಿದ್ದ. ಜಂತುಹುಳದ ಔಷಧ ಆಯಿತು, ದೃಷ್ಟಿ ತೆಗೆದದ್ದಾಯಿತು, ಸ್ಕೂಲಿಗೆ ಹೋಗದಿರೋಕೆ ನಾಟಕ ಅಂತ ಬೈದದ್ದೂ ಆಯಿತು. ಆ ಬೈಗುಳ ಈಗಲೂ ನನಗೆ ನೆನಪಿದೆ. ಅವನಿಗೆ ನೆನಪಿಲ್ಲ ಅನ್ನುತ್ತಾನೆ. ನಾನು ನಂಬುವುದಿಲ್ಲ.

ಶಿವಮೊಗ್ಗದಿಂದ ಬೆಂಗಳೂರಿಗೆ ಓಡಾಟ ಶುರುವಾಯಿತು. ಕೊಲೊನೋಸ್ಕೋಪಿ, ಬಯಾಪ್ಸಿ, ಕರುಳಿನ ಉರಿಯೂತ ಅಳೆಯುವ ಮಲದ ಪರೀಕ್ಷೆ ಕ್ಯಾಲ್‌ಪ್ರೊಟೆಕ್ಟಿನ್. ನಮ್ಮ ದೇಶದಲ್ಲಿ ಇಲ್ಲೊಂದು ತೊಡಕಿದೆ. ಕರುಳಿನ ಟಿಬಿಯೂ ಕ್ರೋನ್ಸ್ ಕಾಯಿಲೆಯೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಯಾವುದು ಅಂತ ತೀರ್ಮಾನ ಆಗದೆ ಮೊದಲು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿದ ಎಷ್ಟೋ ಮಕ್ಕಳು ವೇಟಿಂಗ್ ಹಾಲಿನಲ್ಲಿ ಸಿಗುತ್ತಾರೆ. ನಮಗೆ ಅದೊಂದು ತಪ್ಪಿತು. ಕ್ರೋನ್ಸ್ ಅಂತ ಗಟ್ಟಿಯಾಯಿತು. ದೇಹದ ಕಾವಲು ಪಡೆ ಸ್ವಂತ ಕರುಳಿನ ಮೇಲೇ ತಿರುಗಿಬಿದ್ದು, ಅಲ್ಲಿ ಉರಿಯೂತ ಆರದೆ ಉಳಿಯುವ ಕಾಯಿಲೆ. ದೊಡ್ಡವರಿಗೆ ಬಂದರೆ ನೋವು, ಭೇದಿ. ಮಕ್ಕಳಿಗೆ ಬಂದರೆ ಅದರ ಮೇಲೆ ಬೆಳವಣಿಗೆಯೂ ನಿಲ್ಲುತ್ತದೆ. ಬಾಗಿಲ ಚೌಕಟ್ಟು ನಮಗೆ ಮುಂಚೆಯೇ ಹೇಳಿತ್ತು.

ಮಕ್ಕಳ ಕ್ರೋನ್ಸ್‌ಗೆ ಮೊದಲ ಚಿಕಿತ್ಸೆ ಔಷಧವೇ ಅಲ್ಲ. ಆರರಿಂದ ಎಂಟು ವಾರ ಬೇರೇನನ್ನೂ ಬಾಯಿಗಿಡದೆ ಪುಡಿ ಕಲಸಿದ ಪೌಷ್ಟಿಕ ಹಾಲು ಮಾತ್ರ ಕುಡಿಯಬೇಕು. ಕೇಳೋಕೆ ಸುಲಭ. ಮೂರನೇ ದಿನ ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ಸುಮ್ನೆ ವಾಸನೆ ತೆಗೆದುಕೊಳ್ಳುತ್ತಿದ್ದ. ಅವತ್ತಿನಿಂದ ನಮ್ಮ ಅತ್ತೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದರು. ಎಂಟು ವಾರ ನಮ್ಮ ಮನೆಯ ಸಾರಿಗೆ ಇಂಗು, ಸಾಸಿವೆ, ಕರಿಬೇವು ಏನೂ ಇರಲಿಲ್ಲ. ನಮ್ಮನೆಯವರು ಮಾತ್ರ ಆಫೀಸಿಂದ ಬರುತ್ತಾ ಮೀಸೆಗೆ ಮೆಣಸಿನಕಾಯಿ ಬೋಂಡಾದ ವಾಸನೆ ಹತ್ತಿಸಿಕೊಂಡು ಬರುತ್ತಿದ್ದರು. ಅದು ಬೇರೆ ಜಗಳ.

ಹಾಲಿನಿಂದ ಉರಿ ಇಳಿಯಿತು. ಇಳಿದದ್ದು ಹಾಗೇ ಉಳಿಯಬೇಕಲ್ಲ, ಅದಕ್ಕೆ ಈ ಹಳದಿ ಮಾತ್ರೆ. ಪೂರ್ತಿ ಕೆಲಸ ಮಾಡೋಕೆ ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ರಕ್ತ ಪರೀಕ್ಷೆ ಮಾಡಿಸುತ್ತಿರಿ ಅಂದಿದ್ದರು. ಶುರು ಮಾಡುವ ಮೊದಲು ಒಂದು ಜೀನ್ ಪರೀಕ್ಷೆಯನ್ನೂ ಮಾಡಿಸಿದ್ದರು. ಟಿಪಿಎಂಟಿ ಅಂತ. ರಿಪೋರ್ಟು ನಾರ್ಮಲ್ ಬಂದಿತ್ತು. "ನೋಡಿ, ಇವನಿಗೆ ಈ ಮಾತ್ರೆ ಚೆನ್ನಾಗಿ ಒಗ್ಗುತ್ತದೆ" ಅಂತ ಬೆನ್ನು ತಟ್ಟಿ ಕಳಿಸಿದ್ದರು.

ಎರಡನೇ ವಾರದ ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 5,200. ಒಳ್ಳೆಯ ಸಂಖ್ಯೆ. ಮೂರನೇ ವಾರ ಹಬ್ಬದ ಗಡಿಬಿಡಿ, ಬಿಟ್ಟೆವು. ತಪ್ಪು ನಮ್ಮದೇ. ನಾಲ್ಕನೇ ವಾರ ದಿಂಬಿನ ಮೇಲೆ ಕೂದಲು. ಆಸ್ಪತ್ರೆಗೆ ಫೋನ್ ಮಾಡಿದೆ. ಆ ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಫೋನ್ ತೆಗೆದವರು "ಕಾಯಿಲೆ ಮಕ್ಕಳಿಗೆ ಕೂದಲು ಉದುರುತ್ತೆ ಮೇಡಂ, ಮುಂದಿನ ಅಪಾಯಿಂಟ್‌ಮೆಂಟಲ್ಲಿ ಡಾಕ್ಟರಿಗೆ ತೋರಿಸಿ" ಅಂದರು. ಮುಂದಿನ ಅಪಾಯಿಂಟ್‌ಮೆಂಟಿಗೆ ಹನ್ನೆರಡು ದಿನ ಇತ್ತು.

ಮಾರನೇ ದಿನ ಜ್ವರ, 102. ನಮ್ಮ ಬೀದಿಯ ಲ್ಯಾಬಿನ ಹುಡುಗ ಬಂದು ರಕ್ತ ತೆಗೆದುಕೊಂಡು ಹೋದ. ಗಂಟೆ ಕಳೆದ ಮೇಲೆ ಅವನದೇ ಫೋನು. "ಆಂಟಿ, ಇನ್ನೊಂದ್ಸಲ ಸ್ಯಾಂಪಲ್ ಬೇಕಾಗುತ್ತೆ. ಮೆಷಿನ್ ಕೆಟ್ಟಿದೆ ಅನ್ಸುತ್ತೆ, ವೈಟ್ ಸೆಲ್ಸ್ ಒಂಬೈನೂರು ತೋರಿಸ್ತಿದೆ." ಇರಬೇಕಾದದ್ದು ಕಡಿಮೆ ಅಂದರೂ ನಾಲ್ಕು ಸಾವಿರ. ಎರಡನೇ ಸಲವೂ ಒಂಬೈನೂರೇ ಬಂತು. ಮೆಷಿನ್ ಸರಿಯಾಗೇ ಇತ್ತು.

ಹದಿಮೂರು ದಿನ ಆಸ್ಪತ್ರೆ. ಒಂಟಿ ಕೋಣೆ, ಬಾಗಿಲ ಹೊರಗೆ ಚಪ್ಪಲಿ, ಮುಖಕ್ಕೆ ಮಾಸ್ಕ್. ಹಣ್ಣು ಬೇಡ, ಹೂ ಬೇಡ, ನೋಡೋಕೆ ಬರುವ ನೆಂಟರು ಮೊದಲೇ ಬೇಡ. ಬಿಳಿ ಕಣ ಏರಿಸುವ ಇಂಜೆಕ್ಷನ್, ಆ್ಯಂಟಿಬಯೋಟಿಕ್. ಮಾತ್ರೆ ನಿಲ್ಲಿಸಿದ್ದರೂ ಲೆಕ್ಕ ಇನ್ನೂ ಕೆಳಗೆ ಹೋಯಿತು, ಆಮೇಲೆ ನಿಧಾನವಾಗಿ ಮೇಲೆ ಬಂತು. ತಲೆಯಲ್ಲಿ ಒಂದು ಕೂದಲೂ ಉಳಿಯಲಿಲ್ಲ, ಹುಬ್ಬು ಕೂಡ. ಒಂದು ರಾತ್ರಿ ಡ್ಯೂಟಿಗೆ ಬಂದ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಫೈಲು ತಿರುವಿ ಹಾಕುತ್ತಾ ಕೇಳಿದರು. "ಟಿಪಿಎಂಟಿ ಮಾಡಿಸಿದ್ದೀರಿ, ಸರಿ. ನಡ್ ಫಿಫ್ಟೀನ್ ಮಾಡಿಸಿಲ್ವಾ?"

ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಎನ್‌ಯುಡಿಟಿ15 ಅಂತ ಪೂರ್ತಿ ಹೆಸರು. ವಾರ ಕಳೆದು ರಿಪೋರ್ಟು ಬಂತು. ಆ ಜೀನ್‌ನ 415ನೇ ಜಾಗದಲ್ಲಿ ಸಿ ಅಕ್ಷರದ ಬದಲು ಟಿ. ಅಪ್ಪನಿಂದ ಬಂದ ಪ್ರತಿಯಲ್ಲೂ ಟಿ, ಅಮ್ಮನಿಂದ ಬಂದ ಪ್ರತಿಯಲ್ಲೂ ಟಿ. ಒಂದು ಅಕ್ಷರಕ್ಕೆ ಇಷ್ಟೆಲ್ಲಾ ಆಗುತ್ತಾ ಅಂತ ನಾನು ಬಾಯಿಬಿಟ್ಟೆ. ಬೋಳು ತಲೆಯ ಮಗ ಮಂಚದ ಮೇಲಿಂದ ಅಂದ: "ಆಗುತ್ತಮ್ಮ. ಕತೆಗೆ ಒಂದು ಒತ್ತು ಕೊಟ್ರೆ ಕತ್ತೆ ಆಗಲ್ವಾ?"

ಆ ಮೇಲೆ ನಾನು ಓದಲು ಕೂತೆ. ನಾನು ಕಾಮರ್ಸ್ ಓದಿದವಳು, ಬ್ಯಾಂಕಿನಲ್ಲಿ ಕೆಲಸ. ಗೊತ್ತಿಲ್ಲದ್ದನ್ನು ಗೊತ್ತಿರುವವರ ಹತ್ತಿರ ನಾಲ್ಕು ಸಲ ಕೇಳಲು ನಾಚಿಕೆ ಇಲ್ಲ, ಅಷ್ಟೇ ನನ್ನ ವಿದ್ಯೆ. ನನಗೆ ಅರ್ಥವಾದದ್ದು ಹೀಗೆ.

ಡಿಎನ್‌ಎ ಬರೆಯಲು ನಾಲ್ಕು ಅಕ್ಷರ. ಅದರಲ್ಲೊಂದು ಜಿ, ಅಂದರೆ ಗ್ವಾನಿನ್. ಅಜಥಯೋಪ್ರಿನ್ ಹೊಟ್ಟೆಗೆ ಹೋದ ಮೇಲೆ ಮರ್ಕ್ಯಾಪ್ಟೊಪ್ಯೂರಿನ್ ಆಗುತ್ತದೆ. ಅದು ಇನ್ನೂ ಎರಡು ಮೂರು ವೇಷ ಬದಲಿಸಿ ಕೊನೆಗೆ ಜಿ ಅಕ್ಷರದ ಹಾಗೇ ಕಾಣುವ ಖೋಟಾ ಅಕ್ಷರ ಆಗುತ್ತದೆ. ಬೇಗ ಬೇಗ ಹುಟ್ಟುವ ಜೀವಕೋಶಗಳು ಗಡಿಬಿಡಿಯಲ್ಲಿ ಅದನ್ನೇ ಡಿಎನ್‌ಎಗೆ ಸೇರಿಸಿಕೊಂಡು ಸಾಯುತ್ತವೆ. ಕರುಳಿನ ಮೇಲೆ ತಿರುಗಿಬಿದ್ದ ಬಿಳಿ ಕಣಗಳು ಸ್ವಲ್ಪ ಕಡಿಮೆಯಾಗಲಿ, ಉರಿ ಆರಲಿ ಅನ್ನುವುದು ಲೆಕ್ಕ. ಕೂದಲ ಬುಡದ ಕೋಶಗಳೂ ಬೇಗ ಹುಟ್ಟುವ ಜಾತಿಯವೇ. ಲೆಕ್ಕ ತಪ್ಪಿದರೆ ಅವೂ ಹೋಗುತ್ತವೆ.

ಲೆಕ್ಕ ತಪ್ಪದಂತೆ ದೇಹದಲ್ಲಿ ಕಾವಲಿದೆ. ಅಕ್ಕಿಗೆ ಕಲ್ಲು ಬೆರೆತಿದೆ ಅಂದುಕೊಳ್ಳಿ. ಅಂಗಡಿಯವನು ಮೂಟೆ ಬಿಚ್ಚಿ ಜರಡಿ ಹಿಡಿಯುತ್ತಾನೆ, ದಪ್ಪ ಕಲ್ಲೆಲ್ಲ ಅಲ್ಲೇ ಹೋಗುತ್ತದೆ. ಇದು ಟಿಪಿಎಂಟಿ. ಔಷಧ ಖೋಟಾ ಅಕ್ಷರ ಆಗುವ ಮೊದಲೇ ಅದರ ಒಂದು ಭಾಗವನ್ನು ಕೆಲಸಕ್ಕೆ ಬಾರದ ಹಾಗೆ ಮಾಡಿ ಆಚೆ ಹಾಕುತ್ತದೆ. ಆದರೂ ಸಣ್ಣ ಕಲ್ಲು ಮನೆಗೆ ಬಂದೇ ಬರುತ್ತದೆ. ಅನ್ನಕ್ಕೆ ಇಡುವ ಮುಂಚೆ ಅಜ್ಜಿ ಮೊರದಲ್ಲಿ ಹರವಿಕೊಂಡು ಬೆರಳಲ್ಲಿ ಆರಿಸುತ್ತಾಳೆ. ಇದು ಎನ್‌ಯುಡಿಟಿ15. ಖೋಟಾ ಅಕ್ಷರ ತಯಾರಾಗಿ ಇನ್ನೇನು ಡಿಎನ್‌ಎಗೆ ಸೇರಬೇಕು ಅನ್ನುವಾಗ ಅದರ ಬಾಲ ಕತ್ತರಿಸಿ ಸೇರದ ಹಾಗೆ ಮಾಡುತ್ತದೆ. ನನ್ನ ಮಗನ ಮೈಯಲ್ಲಿ ಜರಡಿ ಚೆನ್ನಾಗಿತ್ತು. ಮೊರದ ಮುಂದೆ ಅಜ್ಜಿ ಇರಲಿಲ್ಲ. ಆಸ್ಪತ್ರೆಯವರು ಅಂಗಡಿಗೆ ಹೋಗಿ ಜರಡಿ ನೋಡಿ ಬಂದು ಅಕ್ಕಿ ಶುದ್ಧವಾಗಿದೆ ಅಂದಿದ್ದರು. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಗೊತ್ತು. ಇಲ್ಲಿ ಸ್ವಲ್ಪ ಕಲ್ಲು ಬೇಕೇ ಬೇಕು, ಕಲ್ಲೇ ಔಷಧ.

ಜರಡಿ ಮಾತ್ರ ಯಾಕೆ ನೋಡಿದರು? ನನಗೆ ಇಡೀ ವಿಷಯದಲ್ಲಿ ತಲೆ ತಿಂದ ಪ್ರಶ್ನೆ ಇದೇ.

ಈ ಔಷಧಗಳ ಹಿಂದೆ ಇರುವವರು ಗರ್ಟ್ರೂಡ್ ಎಲಿಯನ್ ಅನ್ನುವ ಹೆಣ್ಣುಮಗಳು ಮತ್ತು ಜಾರ್ಜ್ ಹಿಚಿಂಗ್ಸ್. ಎಲಿಯನ್ ಹುಟ್ಟಿದ್ದು 1918ರಲ್ಲಿ, ನ್ಯೂಯಾರ್ಕಿನಲ್ಲಿ. ಹದಿನೈದರ ವಯಸ್ಸಿನಲ್ಲಿ ತಾತ ಕ್ಯಾನ್ಸರಿನಿಂದ ಸಾಯುವುದನ್ನು ನೋಡಿ ಔಷಧ ಕಂಡುಹಿಡಿಯಬೇಕು ಅಂತ ರಸಾಯನಶಾಸ್ತ್ರ ಹಿಡಿದವರು. ಪಿಎಚ್‌ಡಿ ಮುಗಿಸಲಿಲ್ಲ, ಆದರೂ 1988ರಲ್ಲಿ ನೊಬೆಲ್ ಬಂತು. ಮರ್ಕ್ಯಾಪ್ಟೊಪ್ಯೂರಿನ್ 1953ರಲ್ಲೇ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಸಿಗತೊಡಗಿತ್ತು. ಅದರ ತಂಗಿ ಅಜಥಯೋಪ್ರಿನ್ ಕಿಡ್ನಿ ಕಸಿಯ ಕಾಲವನ್ನೇ ತೆರೆಯಿತು. ಇದರ ಜೊತೆಗೊಂದು ಕಾಕತಾಳೀಯ ಹೇಳಬೇಕು. ನಮ್ಮಪ್ಪನಿಗೆ ಗೌಟ್, ಅಂದರೆ ಯೂರಿಕ್ ಆಮ್ಲದ ಕೀಲುನೋವು. ಅವರು ಹತ್ತು ವರ್ಷದಿಂದ ನುಂಗುವ ಅಲೋಪ್ಯುರಿನಾಲ್ ಕೂಡ ಎಲಿಯನ್ ಮತ್ತು ಹಿಚಿಂಗ್ಸ್ ಅವರದ್ದೇ ಕೆಲಸ. ಅಪ್ಪ ನಮ್ಮನೆಗೆ ಬಂದಾಗ ಎರಡೂ ಡಬ್ಬಿ ಒಂದೇ ಶೆಲ್ಫಿನಲ್ಲಿ ಇರುತ್ತಿದ್ದವು. ಎರಡನ್ನೂ ಒಬ್ಬರೇ ನುಂಗಿದರೆ ಮಾತ್ರ ಅಪಾಯ. ಅಜಥಯೋಪ್ರಿನ್ ಮೈಯಿಂದ ಹೋಗುವ ಇನ್ನೊಂದು ದಾರಿಯನ್ನೇ ಅಲೋಪ್ಯುರಿನಾಲ್ ಮುಚ್ಚುತ್ತದೆ.

ಕೆಲವು ಮಕ್ಕಳಿಗೆ ಮಾತ್ರ ಈ ಔಷಧ ಯಾಕೆ ಇಷ್ಟು ಹೊಡೆತ ಕೊಡುತ್ತದೆ ಅನ್ನುವುದಕ್ಕೆ ಮೊದಲ ಉತ್ತರ 1980ರಲ್ಲಿ ಬಂತು. ಅಮೆರಿಕದ ಮಿನೆಸೋಟದ ಮೇಯೊ ಕ್ಲಿನಿಕ್‌ನಲ್ಲಿ ರಿಚರ್ಡ್ ವೈನ್‌ಶಿಲ್ಬಾಮ್ ಮತ್ತು ಸುಸಾನ್ ಸ್ಲಾಡೆಕ್ 298 ಜನರ ರಕ್ತದಲ್ಲಿ ಟಿಪಿಎಂಟಿಯ ಚುರುಕು ಎಷ್ಟಿದೆ ಅಂತ ಅಳೆದರು. ನೂರಕ್ಕೆ ಎಂಬತ್ತೊಂಬತ್ತು ಜನರಲ್ಲಿ ಚೆನ್ನಾಗಿತ್ತು. ಹನ್ನೊಂದು ಜನರಲ್ಲಿ ಅರ್ಧಂಬರ್ಧ. ಇಡೀ 298ರಲ್ಲಿ ಒಬ್ಬರಲ್ಲಿ ಇರಲೇ ಇಲ್ಲ. ಆ ಒಬ್ಬರಿಗೆ ಪೂರ್ತಿ ಪ್ರಮಾಣದ ಮಾತ್ರೆ ಕೊಟ್ಟರೆ ಜೀವಕ್ಕೇ ಅಪಾಯ. ಬಹಳ ದೊಡ್ಡ ಕೆಲಸ ಅದು. ಜೀನ್ ನೋಡಿ ಔಷಧದ ಪ್ರಮಾಣ ನಿರ್ಧರಿಸುವ ಪಾಠಕ್ಕೆ ಇವತ್ತಿಗೂ ಮೊದಲ ಉದಾಹರಣೆಯಾಗಿ ಅದನ್ನೇ ಕೊಡುತ್ತಾರೆ. ಎಷ್ಟೋ ಮಕ್ಕಳು ಅದರಿಂದ ಉಳಿದಿದ್ದಾರೆ.

ಆದರೆ ಅದು ಯುರೋಪಿನ ಮೂಲದವರೇ ಹೆಚ್ಚಾಗಿರುವ ಊರಿನ ರಕ್ತ. ಕೊರಿಯಾದ ವೈದ್ಯರಿಗೆ ಲೆಕ್ಕ ಕೂಡುತ್ತಿರಲಿಲ್ಲ. ಅವರ ಜನರಲ್ಲಿ ಟಿಪಿಎಂಟಿ ಕೈಕೊಡುವುದು ತೀರಾ ಕಡಿಮೆ. ಹಾಗಿದ್ದ ಮೇಲೆ ಬಿಳಿ ಕಣ ಕುಸಿಯುವುದೂ ಕಡಿಮೆ ಇರಬೇಕಿತ್ತು, ಆದರೆ ಇನ್ನೂ ಜಾಸ್ತಿಯೇ ಇತ್ತು. ಸೋಲ್ ನಗರದ ತಂಡವೊಂದು 978 ಕ್ರೋನ್ಸ್ ರೋಗಿಗಳ ಜೀನ್‌ಗಳನ್ನು ಜಾಲಾಡಿ 2014ರಲ್ಲಿ ಉತ್ತರ ಹೇಳಿತು. ಅದೇ ಎನ್‌ಯುಡಿಟಿ15, ಅದೇ ಒಂದು ಅಕ್ಷರ. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ಬಿಳಿ ಕಣ ಕುಸಿದ ಕೊರಿಯನ್ನರಲ್ಲಿ ನೂರಕ್ಕೆ ಎಂಬತ್ತೊಂಬತ್ತು ಮಂದಿಯನ್ನು ಈ ಅಕ್ಷರ ಹಿಡಿಯುತ್ತಿತ್ತು. ಟಿಪಿಎಂಟಿ ಹಿಡಿಯುತ್ತಿದ್ದದ್ದು ಹನ್ನೆರಡು ಮಂದಿಯನ್ನು. ಮರುವರ್ಷ ರಕ್ತದ ಕ್ಯಾನ್ಸರಿನ ಮಕ್ಕಳಲ್ಲೂ ಇದೇ ಕಂಡಿತು. ಎರಡೂ ಪ್ರತಿ ಬದಲಾದ ಮಕ್ಕಳಿಗೆ ಮರ್ಕ್ಯಾಪ್ಟೊಪ್ಯೂರಿನ್‌ನ ಮಾಮೂಲಿ ಪ್ರಮಾಣದಲ್ಲಿ ನೂರಕ್ಕೆ ಎಂಟು ಭಾಗ ಮಾತ್ರ ತಡೆದುಕೊಳ್ಳಲು ಆಗುತ್ತಿತ್ತು. ನಾವು ಮಗನಿಗೆ ಪೂರ್ತಿ ನೂರು ಕೊಟ್ಟಿದ್ದೆವು. ದಿನಾ ರಾತ್ರಿ, ಊಟವಾದ ಮೇಲೆ, ನಾನೇ ನೀರು ಹಿಡಿದು ನಿಂತು.

ನಮ್ಮ ಕಡೆಯ ಲೆಕ್ಕ ಹೀಗಿದೆ. ಭಾರತದಲ್ಲಿ ಸುಮಾರು ಎಂಟು ಜನರಲ್ಲಿ ಒಬ್ಬರ ಹತ್ತಿರ ಈ ಬದಲಾದ ಅಕ್ಷರದ ಒಂದು ಪ್ರತಿಯಾದರೂ ಇರುತ್ತದೆ. ಯುರೋಪಿನವರಲ್ಲಿ ಇದು ಬಹಳ ಅಪರೂಪ. ಟಿಪಿಎಂಟಿ ಇದಕ್ಕೆ ಉಲ್ಟಾ, ಅಲ್ಲಿ ಹತ್ತರಲ್ಲೊಬ್ಬರು, ಇಲ್ಲಿ ನೂರಕ್ಕೆ ನಾಲ್ಕೈದು. ಅಂದರೆ ಮಿನೆಸೋಟದ ಮಗುವಿಗೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಶಿವಮೊಗ್ಗದ ಮಗುವಿಗೆ ಕೇಳಿ, ಉತ್ತರ ಸರಿ ಇದೆ ಅಂತ ಟಿಕ್ ಹಾಕಿದ್ದರು. ಉತ್ತರ ನಿಜವಾಗಿಯೂ ಸರಿ ಇತ್ತು. ಜಪಾನಿನಲ್ಲಿ 2019ರಿಂದಲೇ ಈ ಪರೀಕ್ಷೆಗೆ ಸರ್ಕಾರಿ ವಿಮೆಯ ಹಣ ಸಿಗುತ್ತದೆ. ನಮಗೆ ಗೊತ್ತಾದದ್ದು ರಾತ್ರಿ ಡ್ಯೂಟಿಯ ವೈದ್ಯೆಯೊಬ್ಬರಿಗೆ ಓದುವ ಅಭ್ಯಾಸ ಇದ್ದದ್ದರಿಂದ.

ಇದು ಒಂದು ಜೀನಿನ ಕಥೆ ಮಾತ್ರ ಅಲ್ಲ. 2001ರಲ್ಲಿ ಕ್ರೋನ್ಸ್ ಕಾಯಿಲೆಯ ಮೊದಲ ಜೀನ್ ಸಿಕ್ಕಿತು ಅಂತ ದೊಡ್ಡ ಸುದ್ದಿ. ನೋಡ್2 ಅಂತ. ಯುರೋಪಿನ ರೋಗಿಗಳಲ್ಲಿ ಅದರ ಮೂರು ಬದಲಾವಣೆಗಳು ಬಹಳ ಮುಖ್ಯ. ಅವೇ ಮೂರು ಜಪಾನ್, ಚೀನಾ, ಕೊರಿಯಾದ ರೋಗಿಗಳಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ನಮ್ಮಲ್ಲೂ ಅಪರೂಪ. ಕಾಯಿಲೆ ಒಂದೇ, ಹೆಸರು ಒಂದೇ, ಆದರೆ ಅದು ಬಂದ ದಾರಿ ಬೇರೆ. ಇನ್ನೊಬ್ಬರ ಊರಿನ ನಕ್ಷೆ ಹಿಡಿದು ನಮ್ಮೂರಲ್ಲಿ ಮನೆ ಹುಡುಕಿದ ಹಾಗಿದೆ ಇದು. ನಕ್ಷೆ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅವರ ಊರಿನದ್ದನ್ನು ಚೆನ್ನಾಗೇ ಬರೆದಿದ್ದಾರೆ.

ಈಗ ಮನೆಯೊಳಗಿನ ವಿಷಯಕ್ಕೆ ಬರುತ್ತೇನೆ. ಜೀನ್ ಅಂದ ತಕ್ಷಣ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ "ಯಾರ ಕಡೆಯಿಂದ ಬಂತು?" ಬೇರೆ ಮನೆಗಳಲ್ಲಿ ಇದಕ್ಕೆ ಸೊಸೆಯ ತವರು ಅಂತ ಸಿದ್ಧ ಉತ್ತರ ಇರುತ್ತದೆ. ನಮ್ಮಲ್ಲಿ ಅದಕ್ಕೂ ದಾರಿ ಇಲ್ಲ. ನಾನು ಮದುವೆಯಾದದ್ದು ಸೋದರತ್ತೆಯ ಮಗನನ್ನು. ನಮ್ಮ ಅತ್ತೆ ನಮ್ಮಪ್ಪನ ಸ್ವಂತ ಅಕ್ಕ. ಹುಟ್ಟಿದಾಗಿನಿಂದಲೂ ಅತ್ತೆ, ಮದುವೆಯಾದ ಮೇಲೂ ಅತ್ತೆ. ಕರೆಯುವ ಹೆಸರು ಕೂಡ ಬದಲಾಗಲಿಲ್ಲ. ನಮ್ಮಿಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ, ಕಡೂರು ಹತ್ತಿರದ ತೆಂಗಿನ ತೋಟದ ಮನೆಯವರು. ಇಬ್ಬರೂ ಫೋಟೋದಲ್ಲಿದ್ದಾರೆ, ಕೇಳೋಣ ಅಂದರೆ ಮಾತಾಡುವುದಿಲ್ಲ.

ನನ್ನದೂ ನಮ್ಮನೆಯವರದೂ ರಕ್ತ ಪರೀಕ್ಷೆ ಆಯಿತು. ಇಬ್ಬರಲ್ಲೂ ಒಂದೊಂದು ಪ್ರತಿ. ಒಬ್ಬೊಬ್ಬರಲ್ಲಿ ಒಂದಿದ್ದರೆ ಸುಮ್ನೆ ಬದುಕಿಬಿಡಬಹುದು, ಈ ಮಾತ್ರೆ ನುಂಗದ ತನಕ ಇದೆ ಅಂತಲೂ ಗೊತ್ತಾಗುವುದಿಲ್ಲ. ನಾನು ಅತ್ತುಬಿಟ್ಟೆ. ಸಂಬಂಧದಲ್ಲಿ ಮಾಡಿಕೊಂಡದ್ದಕ್ಕೇ ಹೀಗಾಯ್ತಾ ಅಂತ ಕೇಳಿದೆ. ಆ ವೈದ್ಯೆ ಸುಳ್ಳು ಸಮಾಧಾನ ಹೇಳಲಿಲ್ಲ. ಅದು ನನಗೆ ಇಷ್ಟವಾಯಿತು. ರಿಪೋರ್ಟಿನ ಹಿಂದೆ ಪೆನ್ನಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಎಂಟರಲ್ಲೊಬ್ಬರು ಅಂತ ಹಿಡಿದರೆ, ಸಂಬಂಧವೇ ಇಲ್ಲದ ಗಂಡ ಹೆಂಡತಿಯ ಮಕ್ಕಳಲ್ಲೂ ಇನ್ನೂರೈವತ್ತಕ್ಕೊಂದು ಮಗುವಿಗೆ ಎರಡೂ ಪ್ರತಿ ಬರುವುದು ಇದ್ದದ್ದೇ. ಅತ್ತೆ ಮಾವನ ಮಕ್ಕಳಾದರೆ ಅದು ಸುಮಾರು ದುಪ್ಪಟ್ಟಾಗುತ್ತದೆ. "ಜಾಸ್ತಿ ಆಗುತ್ತೆ, ಇಲ್ಲ ಅನ್ನಲ್ಲ. ಆದರೆ ಇದು ನಿಮ್ಮ ಮನೆತನದ್ದು ಮಾತ್ರ ಅಲ್ಲ. ಈ ವಾರ್ಡಿನಲ್ಲಿ ಹದಿನಾರು ಮಂಚ ಇವೆ. ಸರಾಸರಿ ನೋಡಿದರೆ ಇಬ್ಬರಲ್ಲಿ ಒಂದೊಂದು ಪ್ರತಿ ಇರುತ್ತೆ" ಅಂದರು. ಕ್ರೋನ್ಸ್ ಬಂದದ್ದು ಈ ಅಕ್ಷರದಿಂದಲ್ಲ ಅಂತ ಎರಡು ಸಲ ಒತ್ತಿ ಹೇಳಿದರು. ಕಾಯಿಲೆಯ ಕಾರಣ ಬೇರೆ, ಔಷಧ ಒಗ್ಗದ ಕಾರಣ ಬೇರೆ. ಮನೆಗೆ ಬಂದು ಇದನ್ನು ಅತ್ತೆಗೆ ವಿವರಿಸಲು ಮೂರು ಸಂಜೆ ಬೇಕಾಯಿತು. ನಾಲ್ಕನೇ ಸಂಜೆ ಅವರು "ಹಾಗಾದ್ರೆ ಅದು ನಮ್ಮಮ್ಮಂದೇ ಇರಬೇಕು. ಅವಳಿಗೆ ಯಾವ ಔಷಧಾನೂ ಆಗಿಬರ್ತಿರಲಿಲ್ಲ" ಅಂದರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಲು ಹೋಗಲಿಲ್ಲ.

ಮಗನಿಗೆ ಈಗ ಇನ್‌ಫ್ಲಿಕ್ಸಿಮ್ಯಾಬ್. ಉರಿಯೂತ ಎಬ್ಬಿಸುವ ಸಂದೇಶವನ್ನೇ ತಡೆಯುವ, ಡ್ರಿಪ್ ಹಾಕಿ ಕೊಡುವ ಔಷಧ. ಟಿಬಿ ಇಲ್ಲ ಅಂತ ಇನ್ನೊಮ್ಮೆ ಖಾತರಿ ಮಾಡಿಕೊಂಡು ಶುರು ಮಾಡಿದರು. ಮೊದಲ ಡ್ರಿಪ್, ಎರಡು ವಾರಕ್ಕೆ ಇನ್ನೊಂದು, ಆರನೇ ವಾರಕ್ಕೆ ಮತ್ತೊಂದು, ಆಮೇಲೆ ಎಂಟು ವಾರಕ್ಕೊಮ್ಮೆ. ಬೆಳಗಿನ ಜನಶತಾಬ್ದಿ ಹತ್ತುತ್ತೇವೆ. ಅರಸೀಕೆರೆ ಬರುವಷ್ಟರಲ್ಲಿ ಅವನು ಕಟ್ಟಿಕೊಂಡ ಇಡ್ಲಿ ಖಾಲಿ ಮಾಡಿರುತ್ತಾನೆ. ಈ ಔಷಧದ ಕಷ್ಟ ಬೇರೆ ಥರದ್ದು. ಕೆಲವರ ದೇಹ ಇದನ್ನೇ ಶತ್ರು ಅಂದುಕೊಂಡು ಪ್ರತಿಕಾಯ ಕಟ್ಟಿ ಹೊರಗೆ ಹಾಕುತ್ತದೆ, ಆಗ ಔಷಧ ಕೆಲಸ ನಿಲ್ಲಿಸುತ್ತದೆ. ಯಾರಲ್ಲಿ ಹೀಗಾಗುತ್ತದೆ ಅನ್ನುವುದಕ್ಕೂ 2020ರಲ್ಲಿ ಒಂದು ಜೀನ್ ಸುಳಿವು ಬಂತು. ಎಚ್‌ಎಲ್‌ಎ ಅನ್ನುವ, ಹೊರಗಿನದ್ದನ್ನು ಗುರುತು ಹಿಡಿಯಲು ಕಾವಲು ಪಡೆಗೆ ನೆರವಾಗುವ ಜೀನ್ ಗುಂಪಿನ ಒಂದು ನಮೂನೆ ಇದ್ದವರಲ್ಲಿ ಪ್ರತಿಕಾಯ ಕಟ್ಟುವುದು ಸುಮಾರು ಎರಡರಷ್ಟು. ಯುರೋಪಿನವರಲ್ಲಿ ನೂರಕ್ಕೆ ನಲವತ್ತು ಜನರ ಹತ್ತಿರ ಆ ನಮೂನೆ ಇದೆ ಅಂತ ಓದಿದೆ. ಅಧ್ಯಯನ ನಡೆದದ್ದು ಬ್ರಿಟನ್ನಿನಲ್ಲಿ. ನನಗೆ ನಗು ಬಂತು. "ಇದನ್ನೂ ಮಾಡಿಸಬೇಕಾ?" ಅಂತ ಡಾಕ್ಟರನ್ನು ಕೇಳಿದೆ. ಈಗಿನವರು ಹಳೆಯ ಆಸ್ಪತ್ರೆಯವರಲ್ಲ. "ಬೇಡ. ಇವನ ರಕ್ತದಲ್ಲಿ ಔಷಧ ಎಷ್ಟು ಉಳಿದಿದೆ ಅಂತ ನೇರವಾಗಿ ಅಳೆಯೋಣ. ಪುಸ್ತಕ ಏನೇ ಹೇಳಲಿ, ಇವನ ಮೈ ಏನು ಹೇಳುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ" ಅಂದರು. ಪ್ರತಿಕಾಯ ಕಟ್ಟದಿರಲಿ ಅಂತ ಜೊತೆಗೆ ಸಾಮಾನ್ಯವಾಗಿ ಕೊಡುವುದು ಅದೇ ಅಜಥಯೋಪ್ರಿನ್. ಇವನಿಗೆ ಅದರ ಬದಲು ಮೆಥೊಟ್ರೆಕ್ಸೇಟ್, ಭಾನುವಾರ ಮಾತ್ರ. ದಿನಾ ತಪ್ಪಿ ನುಂಗಿದರೆ ಅದೂ ಬಿಳಿ ಕಣಕ್ಕೆ ಕುತ್ತು. ಡಬ್ಬಿಯ ಮೇಲೆ ಅತ್ತೆ ಕೆಂಪು ಪೆನ್ನಿನಲ್ಲಿ "ಭಾನುವಾರ" ಅಂತ ಬರೆದು ಮೂರು ಸಲ ಅಡಿಗೆರೆ ಎಳೆದಿದ್ದಾರೆ.

ಕೂದಲು ಮೂರು ತಿಂಗಳಿಗೆ ಬಂತು. ಹೋದ ಯುಗಾದಿಗೆ ಚೌಕಟ್ಟಿನ ಗೆರೆ ಎರಡು ಬೆರಳು ಮೇಲೆ ಏರಿತು. ಮಗಳನ್ನು ಪರೀಕ್ಷೆ ಮಾಡಿಸಬೇಕಾ ಅನ್ನುವುದು ಮಾತ್ರ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಎರಡೂ ಪ್ರತಿ ಬಂದಿರುವ ಸಾಧ್ಯತೆ ನಾಲ್ಕರಲ್ಲೊಂದು. ಅವಳು ಗುಂಡುಕಲ್ಲಿನ ಹಾಗೆ ಇದ್ದಾಳೆ, ಯಾವ ಮಾತ್ರೆಯೂ ಬೇಕಿಲ್ಲ. ಬೇಕಾದಾಗ ಮಾಡಿಸೋಣ ಅನ್ನುವುದು ನಮ್ಮನೆಯವರ ವಾದ. ಬೇಕಾದಾಗ ಯಾರಿಗೆ ನೆನಪಿರುತ್ತೆ ಅನ್ನುವುದು ನನ್ನದು.

ಕಳೆದ ತಿಂಗಳು ಕಡೂರಿನಿಂದ ಚಿಕ್ಕಪ್ಪನ ಫೋನ್ ಬಂತು. ಅಪ್ಪನ ತಮ್ಮ, ತೋಟ ನೋಡಿಕೊಳ್ಳುವವರು. ಅವರಿಗೆ ವರ್ಷಗಳಿಂದ ಮೈತುರಿಕೆ. ಮುಖ, ಕತ್ತು, ಮೊಣಕೈ ಮಡಿಕೆಯೆಲ್ಲ ಆನೆಚರ್ಮದ ಹಾಗೆ ಒರಟಾಗಿದೆ. ಕಾರಣ ಕಾಂಗ್ರೆಸ್ ಗಿಡ. ಪುಣೆಯಲ್ಲಿ 1950ರ ದಶಕದಲ್ಲಿ ಕಂಡದ್ದು ಈಗ ನಮ್ಮ ಬಯಲುಸೀಮೆಯ ಬದುವಿನ ತುಂಬಾ ಇದೆ. ಬಿಳಿ ಹೂವಿನ ಕಾಲದಲ್ಲಿ ಅದರ ಪುಡಿ ಗಾಳಿಯಲ್ಲಿ ತೇಲಿ ಬಂದರೆ ಸಾಕು, ಚಿಕ್ಕಪ್ಪ ರಾತ್ರಿಯಿಡೀ ಕೆರೆದುಕೊಳ್ಳುತ್ತಾರೆ. "ಹೊಸ ಚರ್ಮದ ಡಾಕ್ಟ್ರು ಒಂದು ಮಾತ್ರೆ ಬರೆದಿದ್ದಾರಮ್ಮ, ಮೂಲದಿಂದಲೇ ವಾಸಿ ಮಾಡುತ್ತಂತೆ. ನಿನಗೆ ಈಗ ಇದೆಲ್ಲಾ ಗೊತ್ತಲ್ಲ, ಕೇಳೋಣ ಅಂತ ಮಾಡಿದೆ."

"ಹೆಸರೇನು ಚಿಕ್ಕಪ್ಪ?"

ಕನ್ನಡಕ ಹುಡುಕಿದ ಸದ್ದು ಕೇಳಿಸಿತು. "ಎ... ಝಡ್... ಎ... ಟಿ..."

"ಚಿಕ್ಕಪ್ಪ, ನುಂಗಿದ್ರಾ?"

"ಇಲ್ಲಮ್ಮ, ಇವತ್ತು ಅಮಾವಾಸ್ಯೆ. ನಾಳೆಯಿಂದ ಶುರು ಮಾಡೋಣ ಅಂತಿದ್ದೆ."

ಡಾಕ್ಟರು ತಪ್ಪೇನೂ ಬರೆದಿರಲಿಲ್ಲ. ಕಾಂಗ್ರೆಸ್ ಗಿಡದ ತುರಿಕೆಗೆ ದೆಹಲಿಯ ಏಮ್ಸ್‌ನವರು ಬಹಳ ಹಿಂದಿನಿಂದಲೂ ಕೊಟ್ಟು ಗೆದ್ದ ಔಷಧ ಇದು. ಮಗನ ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಿ, ಇದನ್ನು ಆ ಡಾಕ್ಟರಿಗೆ ತೋರಿಸಿ, ಅವರು ನೋಡುವ ತನಕ ಡಬ್ಬಿ ತೆಗೆಯಬೇಡಿ ಅಂದೆ. ಅವರು ನೋಡಿದರು, ಪರೀಕ್ಷೆ ಬರೆದುಕೊಟ್ಟರು. ಹತ್ತು ದಿನಕ್ಕೆ ಉತ್ತರ ಬಂತು. ಚಿಕ್ಕಪ್ಪನಲ್ಲೂ ಒಂದು ಪ್ರತಿ. ಒಂದು ಪ್ರತಿ ಇದ್ದವರಿಗೆ ಮಾತ್ರೆ ಪೂರ್ತಿ ಬಿಡಬೇಕಾಗಿಲ್ಲ, ಕಡಿಮೆಯಿಂದ ಶುರು ಮಾಡಿ ರಕ್ತ ನೋಡುತ್ತಾ ಹೋಗಬಹುದು. ಅವರಿಗೆ ಅರ್ಧ ಮಾತ್ರೆ ಬರೆದರು.

ಅವತ್ತು ಸಂಜೆ ಮತ್ತೆ ಫೋನ್. ತುರಿಕೆಯ ವಿಷಯ ಇರಬೇಕು ಅಂದುಕೊಂಡೆ.

"ಅಲ್ಲಮ್ಮ, ಆ ಪರೀಕ್ಷೆಗೆ ಅಷ್ಟು ಸಾವಿರ ತಗೊಂಡ್ರಲ್ಲ. ಅರ್ಧ ಮಾತ್ರೆ ಉಳಿತಾಯದಲ್ಲಿ ಆ ದುಡ್ಡು ಹುಟ್ಟೋಕೆ ಎಷ್ಟು ವರ್ಷ ಬೇಕು, ನೀನು ಬ್ಯಾಂಕಿನವಳು, ಲೆಕ್ಕ ಹಾಕಿ ಹೇಳು."

ಹಾಕಿದೆ. ಹೇಳಲಿಲ್ಲ.